ಅಡಿಕೆ ಕೊಳೆಗೆ ಮದ್ದು ತೋರಿದ ಡಾ. ಕೋಲ್ಮನ್



ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನ ಅಡಿಕೆ ಬೆಳೆಗಾರನಿಗೆ ನಿದ್ದೆ ಬಾರದು. ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಎಳೆಗಾಯಿಯ ತೊಟ್ಟು ಕೊಳೆತು, ವರ್ಷದ ಫಸಲೆಲ್ಲ ಮರದ ಬುಡಕ್ಕೆ ಉದುರುತ್ತದೆ. ಈ ಕೊಳೆರೋಗಕ್ಕೆ ನೀವು ಇಂದಿಗೂ ಹೊಡೆಯುವ ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದವರು ಡಾ. ಲೆಸ್ಲಿ ಕೋಲ್ಮನ್.

ಇವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊದಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸಸ್ಯರೋಗ ಮತ್ತು ಕೀಟ ತಜ್ಞರಾಗಿ ಬಂದರು.

ಆಗ ರೈತರಿಗೆ ಗೊತ್ತಿದ್ದ ಉಪಾಯ ಒಂದೇ: ಮಳೆಗೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು. ಕೊನೆ ಒದ್ದೆಯಾಗದಿದ್ದರೆ ಕೊಳೆ ಬಾರದೆಂಬ ಅನುಭವ ಅದರ ಹಿಂದಿತ್ತು. ಕೋಲ್ಮನ್ ರೋಗ ತಗುಲಿದ ಕಾಯಿಗಳನ್ನು ಪರೀಕ್ಷಿಸಿ, ಇದು ಆಲೂಗೆಡ್ಡೆಯ ಅಂಗಮಾರಿ ರೋಗದ ಬಳಗಕ್ಕೆ ಸೇರಿದ ಶಿಲೀಂಧ್ರದ ಕೆಲಸವೆಂದು ತೋರಿಸಿ, 1910ರಲ್ಲಿ ವರದಿ ಪ್ರಕಟಿಸಿದರು. ಈ ಶಿಲೀಂಧ್ರದ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪಸೆಯಲ್ಲಿ ಈಜಿ ಒಳಹೋಗುತ್ತವೆ. ಮಳೆಹನಿ, ಗಾಳಿಯೊಡನೆ ಮರದಿಂದ ಮರಕ್ಕೆ ಹಾರುತ್ತವೆ. ಎಡೆಬಿಡದ ಮಳೆ, ತಂಪು ಹವೆ ಇವಕ್ಕೆ ಹಬ್ಬ.

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ-ಸುಣ್ಣದ ಮಿಶ್ರಣವನ್ನು ಕೋಲ್ಮನ್ ಅಡಿಕೆಗೆ ಬಳಸಿ ಗೆದ್ದರು. ಎತ್ತರದ ಮರದ ಕೊನೆಗೆ ಮದ್ದು ಮುಟ್ಟಿಸುವುದು ಸುಲಭದ ಮಾತಲ್ಲ. ಮರ ಹತ್ತುವ ಕೊನೆಗಾರರ ಕೌಶಲವೇ ಆಸರೆಯಾಯಿತು.

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ನಾಲಾ ಕೃಷಿ ಕ್ಷೇತ್ರ ಇವರ ಕಾಲದಲ್ಲಿ ಆರಂಭವಾದವು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಇವರು 1954ರಲ್ಲಿ ತೀರಿಕೊಂಡರು.

ಅವರು ತೋರಿದ ಮದ್ದಿಗೆ ಈಗ ಹವಾಮಾನವೇ ಸವಾಲು. 2018 ಮತ್ತು 2019ರ ಆಗಸ್ಟ್‌ನಂತೆ ಕೆಲವೇ ದಿನಗಳಲ್ಲಿ ವಿಪರೀತ ಮಳೆ ಬಿದ್ದರೆ ಎರಡನೆಯ ಸಿಂಪಡಣೆಗೆ ಹೊಳವಾಗುವುದಿಲ್ಲ. ಕೊನೆಗಾರ ಜಾರುವ ಮರ ಹತ್ತುವಂತೆಯೂ ಇಲ್ಲ.

ಆದ್ದರಿಂದ ಮೊದಲ ಸಿಂಪಡಣೆಯನ್ನು ಮುಂದೂಡಬೇಡಿ. ಮುಂಗಾರು ಹಿಡಿಯುವ ಮುನ್ನವೇ ಮುಗಿಸಿ; 40-45 ದಿನಗಳಿಗೆ ಮತ್ತೊಮ್ಮೆ ಹೊಡೆಯಿರಿ; ಮಳೆ ಮುಂದುವರಿದರೆ ಮೂರನೆಯದೂ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇವೆರಡನ್ನೂ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಹೊಳೆಯುವ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಿರಿ. ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಹಾಕಿ, ಬಸಿಗಾಲುವೆ ತೆರೆದಿಡಿ. ಮಳೆ ನಮ್ಮ ಕೈಯಲ್ಲಿಲ್ಲ, ಮುಂಜಾಗ್ರತೆ ಇದೆ.