ಸುಟ್ಟ ಅರಮನೆ ಮತ್ತು ಒಬ್ಬ ಮಹಾರಾಣಿ

ನಮ್ಮೂರು ಕರಿಕೆ. ಭಾಗಮಂಡಲದಿಂದ ಕಾಡಿನ ರಸ್ತೆಯಲ್ಲಿ ಇಳಿಯುತ್ತಾ ಹೋದರೆ ಕೇರಳ ಶುರುವಾಗುವ ಮೊದಲು ಸಿಗುತ್ತೆ. ಅಲ್ಲಿ ಅಜ್ಜಿ ಮನೆಯ ಅಟ್ಟ ಪೂರ್ತಿ ಮರದ್ದು. ರಾತ್ರಿ ಮಲಗುವ ಮುಂಚೆ ಅಜ್ಜಿ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಎರಡೆರಡು ಸಲ ನೋಡಿಯೇ ಮಲಗೋದು. ಚಿಕ್ಕವನಿದ್ದಾಗ ನನಗೆ ಅದು ತಮಾಷೆ ಅನಿಸ್ತಿತ್ತು. ಮೈಸೂರಿನ ಹಳೇ ಅರಮನೆಯ ಕಥೆ ಓದಿದ ಮೇಲೆ ಹಾಗೆ ಅನಿಸ್ತಿಲ್ಲ.

ಈಗ ನಾವು ದಸರಾಗೆ ಹೋಗಿ ಫೋಟೋ ತೆಗೆಯುವ ಅರಮನೆ ಹೊಸದು. ಅದಕ್ಕಿಂತ ಮೊದಲು ಅದೇ ಜಾಗದಲ್ಲಿ ಮರದ ಅರಮನೆ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿ 1803ರ ಹೊತ್ತಿಗೆ ಮುಗಿಸಿದ್ದು. ಆ ಅರಮನೆ ಸುಟ್ಟುಹೋದಾಗ ರಾಜ್ಯ ನಡೆಸ್ತಿದ್ದವರು ಒಬ್ಬ ಹೆಂಗಸು. ಅವರೇ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿ ವಿಲಾಸ ಸನ್ನಿಧಾನ.

ಅವರು ಹುಟ್ಟಿದ್ದು 1866ರಲ್ಲಿ, ಕಳಲೆ ಮನೆತನದಲ್ಲಿ. 1878ರಲ್ಲಿ, ಇನ್ನೂ ಹನ್ನೆರಡು ತುಂಬುವ ಮೊದಲೇ, ಚಾಮರಾಜೇಂದ್ರ ಒಡೆಯರ ಜೊತೆ ಮದುವೆ. ಮೂರು ವರ್ಷ ಕಳೆದು ಬ್ರಿಟಿಷರು ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟರು. ಎಲ್ಲ ಸರಿಯಾಗಿದೆ ಅನ್ನುವಾಗಲೇ, 1894ರ ಡಿಸೆಂಬರ್‌ನಲ್ಲಿ ಕಲ್ಕತ್ತಕ್ಕೆ ಹೋಗಿದ್ದ ಮಹಾರಾಜರು ಗಂಟಲುಮಾರಿಗೆ, ಅಂದರೆ ಡಿಫ್ತೀರಿಯಾಗೆ, ಅಲ್ಲೇ ತೀರಿಕೊಂಡರು. ದೊಡ್ಡ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಮಗ ದೊಡ್ಡವನಾಗುವ ತನಕ ರಾಜ್ಯದ ಹೊಣೆ ತಾಯಿಯ ಮೇಲೆ ಬಂತು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್.

1897ರ ಫೆಬ್ರವರಿ ಕೊನೆ. ದೊಡ್ಡ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ. ಗಂಡು ಎಂ. ಕಾಂತರಾಜ ಅರಸ್, ಮುಂದೆ ಮೈಸೂರಿನ ದಿವಾನರಾದವರು. ಆ ಮದುವೆಯ ಸಂಭ್ರಮದಲ್ಲೇ ಅರಮನೆಗೆ ಬೆಂಕಿ ಬಿತ್ತು.

ಇಲ್ಲಿ ಸ್ವಲ್ಪ ನಮ್ಮ ಕ್ಲಾಸಿನ ವಿಷಯ. ಬೆಂಕಿ ಹತ್ತೋಕೆ ಒಂದು ಕಿಡಿ ಸಾಕು, ಆದರೆ ಅರಮನೆಯೇ ಸುಡಬೇಕು ಅಂದ್ರೆ ಕಟ್ಟಡವೂ ಅದಕ್ಕೆ ದಾರಿ ಮಾಡಿಕೊಡಬೇಕು. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮರ ಹೊತ್ತಿಕೊಳ್ಳುತ್ತೆ. ಮರದ ಕಂಬ, ತೊಲೆ, ಕೆತ್ತನೆ, ಎಲ್ಲವೂ ತೊಂಬತ್ತಕ್ಕೂ ಹೆಚ್ಚು ಬೇಸಿಗೆ ಕಂಡು ಒಣಗಿದ್ದವು. ಬಿಸಿ ಗಾಳಿ ಮೇಲಕ್ಕೇ ಹೋಗುತ್ತೆ, ಮೇಲೆ ಇರೋದೂ ಮರದ ಚಾವಣಿಯೇ. ನಡುವೆ ಬೆಂಕಿ ತಡೆಯುವ ಕಲ್ಲಿನ ಗೋಡೆ ಇಲ್ಲದಿದ್ದರೆ ಒಂದು ಕೋಣೆಯ ಬೆಂಕಿ ಇಡೀ ಮನೆಯ ಬೆಂಕಿ ಆಗುತ್ತೆ. ಆಗಿದ್ದೂ ಅದೇ. ಒಂದಷ್ಟು ಭಾಗ ಮಾತ್ರ ಉಳೀತು.

ಗಂಡ ಹೋಗಿ ಎರಡು ವರ್ಷ ಆಗಿತ್ತಷ್ಟೇ. ಮಹಾರಾಣಿಗೆ ಮೂವತ್ತು. ಮಗಳ ಮದುವೆಯಲ್ಲೇ ಮನೆ ಸುಟ್ಟರೆ ಅಪಶಕುನ ಅಂತ ಕೂತುಬಿಡಬಹುದಿತ್ತು. ಅವರು ಕೂರಲಿಲ್ಲ. ಸಂಸಾರ ಜಗನ್ಮೋಹನ ಅರಮನೆಗೆ ಹೋಯ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸ ಅರಮನೆಯ ಕೆಲಸ ಶುರು. ನಕ್ಷೆ ಮಾಡಿದವರು ಹೆನ್ರಿ ಇರ್ವಿನ್, ಶಿಮ್ಲಾದ ವೈಸ್‌ರಾಯ್ ಬಂಗಲೆಯ ಆರ್ಕಿಟೆಕ್ಟ್. ಮುಖ್ಯ ಬದಲಾವಣೆ ಇದ್ದಿದ್ದು ಸಾಮಾನಿನಲ್ಲಿ. ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಮದುವೆಯಲ್ಲಿ ಸುಟ್ಟ ಮನೆಗೆ ಸುಡದ ಮದುವೆ ಮಂಟಪ! ಕಬ್ಬಿಣ ಅಂದ್ರೆ ಬೆಂಕಿಗೆ ಪೂರ್ತಿ ಸೇಫ್ ಅಂತಲ್ಲ. ಉಕ್ಕು ಕೂಡ 550 ಡಿಗ್ರಿ ಹತ್ತಿರ ಸುಮಾರು ಅರ್ಧ ಬಲ ಕಳ್ಕೊಳ್ಳುತ್ತೆ. ಆದರೆ ಅದು ಮರದ ಹಾಗೆ ಬೆಂಕಿಗೆ ಸೌದೆ ಆಗಲ್ಲ.

ಕೆಲಸ ಮುಗಿದಿದ್ದು 1912ರಲ್ಲಿ. ಖರ್ಚು 41,47,913 ರೂಪಾಯಿ. ಓದಿದಾಗ ನನಗೆ ಮೊದಲು ಸ್ವಲ್ಪ ಸಿಟ್ಟೇ ಬಂತು. 1898ರಲ್ಲಿ ರಾಜ್ಯಕ್ಕೆ ಪ್ಲೇಗ್ ಬಂದಿತ್ತು, ಜನ ಸಾಯ್ತಿದ್ದರು, ಆಗ ಅರಮನೆ ಬೇಕಿತ್ತಾ? ಈ ಪ್ರಶ್ನೆ ಈಗಲೂ ಇದೆ. ಆದರೆ ಅವರ ಕಾಲದಲ್ಲಿ ಆಗಿದ್ದು ಅರಮನೆ ಒಂದೇ ಅಲ್ಲ. ಹಿರಿಯೂರಿನ ಹತ್ತಿರ ವೇದಾವತಿಗೆ ಮಾರಿಕಣಿವೆ ಅಣೆಕಟ್ಟು ಶುರುವಾಯ್ತು. 1907ರಲ್ಲಿ ಮುಗಿದ ಅದನ್ನು ನಾವು ವಾಣಿ ವಿಲಾಸ ಸಾಗರ ಅಂತೀವಿ. 1902ರ ಜೂನ್‌ನಲ್ಲಿ ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಲುಪಿತು. ಎಲೆಕ್ಟ್ರಿಕಲ್‌ನವರು ಗಮನಿಸಿ, ಆಗ ಅದು ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಅದೇ ಕರೆಂಟ್ 1908ರಲ್ಲಿ ಮೈಸೂರು ನಗರಕ್ಕೂ ಬಂತು. ಎಣ್ಣೆ ದೀಪದ ಕಾಲದಲ್ಲಿ ಸುಟ್ಟ ಅರಮನೆ ಈಗ ಸುಮಾರು ಒಂದು ಲಕ್ಷ ಬಲ್ಬಿನಲ್ಲಿ ಬೆಳಗ್ತಾ ಇರೋದು ಹೀಗೆ.

1902ರ ಆಗಸ್ಟ್‌ನಲ್ಲಿ ಅವರು ಅಧಿಕಾರವನ್ನು ಮಗನಿಗೆ ಬಿಟ್ಟುಕೊಟ್ಟರು. ಹೊಸ ಅರಮನೆ ಇನ್ನೂ ಅರ್ಧದಲ್ಲಿತ್ತು, ಹಾಗಾಗಿ ಆ ಸಮಾರಂಭ ನಡೆದಿದ್ದೂ ಜಗನ್ಮೋಹನದಲ್ಲೇ. ಮದುವೆಯಲ್ಲಿ ಬೆಂಕಿ ಕಂಡ ಮಗಳಿಗೆ 1905ರಲ್ಲಿ ಕಟ್ಟಿದ ಮನೆ ಜಯಲಕ್ಷ್ಮಿ ವಿಲಾಸ. ಈಗ ಅದು ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿದೆ, ಮೈಸೂರಿನ ಫ್ರೆಂಡ್ಸ್ ನೋಡಿರ್ತೀರ. ಇನ್ನೊಬ್ಬ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು, ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆಗೆ ಅವರದೇ ಹೆಸರು. ತಾಯಿ 1934ರಲ್ಲಿ ತೀರಿಕೊಂಡರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಇವತ್ತೂ ಮಕ್ಕಳು ಹುಟ್ತಾ ಇದ್ದಾರೆ.

ಅವರು ಆಳಿದ್ದು ಎಂಟು ವರ್ಷಕ್ಕೂ ಕಮ್ಮಿ, ಅಂದರೆ ನಮ್ಮ ಬಿ.ಇ.ಯನ್ನು ಎರಡು ಸಲ ಮಾಡುವಷ್ಟು ಟೈಮು. ಮುಂದಿನ ಸಲ ಅರಮನೆಗೆ ಹೋದರೆ ಸೆಲ್ಫಿ ಮುಗಿದ ಮೇಲೆ ಕಲ್ಯಾಣ ಮಂಟಪದ ಆ ಕಬ್ಬಿಣದ ಕಂಬಗಳನ್ನು ಒಂದ್ಸಲ ನೋಡಿ. ನಾನಂತೂ ಈ ರಜೆಗೆ ಊರಿಗೆ ಹೋದಾಗ ಕೆಂಡಕ್ಕೆ ನೀರು ಹಾಕುವ ಕೆಲಸ ನನ್ನದು ಅಂತ ಅಜ್ಜಿಗೆ ಹೇಳಿದ್ದೀನಿ. ಹಾಕಿದ ಮೇಲೂ ಅವರು ಇನ್ನೊಂದ್ಸಲ ಬಂದು ನೋಡೇ ನೋಡ್ತಾರೆ, ಅದು ಗೊತ್ತು.