ಬಾಗಿದ ಪಾಂಡಿತ್ಯ: ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರ ಕರ್ಮಭೂಮಿ ಮಹಾರಾಷ್ಟ್ರ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತ ಕಲಿಸಿದ್ದರು; ಆ ತಾಯಿಯೇ ಮಗಳ ಗುರು. ತಂದೆತಾಯಿಗಳನ್ನು ಕಳೆದುಕೊಂಡು ಅಣ್ಣನೊಡನೆ ದೇಶ ಸುತ್ತಿದ ಈ ತರುಣಿಯನ್ನು 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಸರಸ್ವತಿ ಎಂಬ ಬಿರುದಿನಿಂದ ಗೌರವಿಸಿದರು. 1882ರಲ್ಲಿ ವೈಧವ್ಯ ಒದಗಿತು.

1883ರಲ್ಲಿ ಇಂಗ್ಲೆಂಡಿಗೆ ತೆರಳಿದ ರಮಾಬಾಯಿಯವರು ಅಲ್ಲಿಯೇ ದೀಕ್ಷಾಸ್ನಾನ ಪಡೆದರು. ಸಮಾಜವು ಪತಿತೆಯರೆಂದು ದೂರವಿಟ್ಟ ಸ್ತ್ರೀಯರನ್ನು ಲಂಡನ್ನಿನ ಕ್ರೈಸ್ತ ಸಂನ್ಯಾಸಿನಿಯರು ಅಕ್ಕತಂಗಿಯರಂತೆ ಉಪಚರಿಸುತ್ತಿದ್ದ ರೀತಿ ಅವರ ಅಂತಃಕರಣವನ್ನು ಕಲಕಿತ್ತು.

ಆದರೂ 1889ರಲ್ಲಿ ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನವು ಮುಖ್ಯವಾಗಿ ಮೇಲ್ಜಾತಿಯ ವಿಧವೆಯರನ್ನು ಉದ್ದೇಶಿಸಿತ್ತು. ಸದನವು ಪುಣೆಗೆ ಬಂದ ಬಳಿಕ, 1893ರ ಮತಾಂತರ ವಿವಾದದಲ್ಲಿ ಅನೇಕ ಪೋಷಕರು ತಮ್ಮ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆಸಿಕೊಂಡರು. ಅದರ ಬಾಗಿಲನ್ನು ಪೂರ್ಣವಾಗಿ ತೆರೆಸಿದ್ದು 1896-97ರ ಕ್ಷಾಮ. ತಾವೇ ಬಾಲ್ಯದಲ್ಲಿ ಹಸಿವನ್ನುಂಡಿದ್ದ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಧಾವಿಸಿ, ಜಾತಿ ವಿಚಾರಿಸದೆ ನೂರಾರು ನಿರ್ಗತಿಕ ಬಾಲಿಕೆಯರನ್ನೂ ಸ್ತ್ರೀಯರನ್ನೂ ಕರೆತಂದರು. ಪುಣೆಯ ಸಮೀಪದ ಕೆಡಗಾಂವದ ಮುಕ್ತಿ ಸದನದಲ್ಲಿ ಮುಂದೆ ಅಂಧರಿಗೂ ಆಶ್ರಯ ದೊರೆಯಿತು. ಪತಿತೆಯರೆನಿಸಿದವರಿಗೆ ಕೃಪಾ ಸದನ ಸಿದ್ಧವಾಯಿತು.

ಕೊನೆಯ ವರ್ಷಗಳನ್ನು ಅವರು ಬೈಬಲ್ಲಿನ ಮರಾಠಿ ಅನುವಾದಕ್ಕೆ ಮೀಸಲಿಟ್ಟರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರೂ ಬಳಸಿದ್ದು ಸಾಮಾನ್ಯ ಸ್ತ್ರೀಯರಿಗೆ ತಿಳಿಯುವ ಸರಳ ಮರಾಠಿಯನ್ನು. ಸದನದ ಮಹಿಳೆಯರೇ ಅದರ ಮುದ್ರಣದಲ್ಲಿ ದುಡಿದರು. 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿಧನರಾದರು.

ವಿದ್ವತ್ಸಭೆಗಳನ್ನು ಬೆರಗುಗೊಳಿಸಿದ ಪಾಂಡಿತ್ಯವನ್ನು ಅವರು ತೊರೆಯಲಿಲ್ಲ. ಕಡೆಗಣಿಸಲ್ಪಟ್ಟವರ ಮಟ್ಟಕ್ಕೆ ಅದನ್ನು ಬಾಗಿಸಿದರು. ಅವರ ವಿನಯದ ನಿಜವಾದ ಅರ್ಥ ಇದೇ.