ಕಥೆಗಾರ ಸ್ಟೀವನ್‌ಸನ್

ಹಿಂದೆ ನಮ್ಮ ಊರಿನ ಗುಡಿಯ ಕಟ್ಟೆಯ ಮೇಲೆ ಶ್ರಾವಣ ಮಾಸದಲ್ಲಿ ಜೈಮಿನಿ ಭಾರತವನ್ನು ಓದಿಸುತ್ತಿದ್ದರೆಂದು ನಮ್ಮಜ್ಜಿ ಹೇಳುವುದುಂಟು. ಒಬ್ಬರು ರಾಗವಾಗಿ ಪದ್ಯವನ್ನು ಓದುವರು. ಇನ್ನೊಬ್ಬರು ಅರ್ಥವನ್ನು ಬಿಡಿಸಿ ಹೇಳುವರು. ಅಕ್ಷರದ ಗಂಧವೇ ಇಲ್ಲದ ಹೆಂಗಸರೂ ಮಕ್ಕಳೂ ಸುತ್ತ ಕುಳಿತು ಕೇಳುವರು. ಚಂದ್ರಹಾಸನ ಕಥೆಯನ್ನು ನಮ್ಮಜ್ಜಿ ಇಂದಿಗೂ ಒಂದು ಎಳೆ ಬಿಡದೆ ಹೇಳಬಲ್ಲಳು. ಆಕೆ ಆ ಕಾವ್ಯವನ್ನು ಓದಿಲ್ಲವೆಂಬುದು ನಿಜ. ಆದರೆ ಅದನ್ನು ಅರಿತಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಈ ಮಾತನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವುಂಟು. ನಾನು ಹಳ್ಳಿಯಿಂದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿ. ಹೋಗಿಬರಲು ಎರಡು ಗಂಟೆ ಹಿಡಿಯುತ್ತದೆ. ನಿಂತೇ ಬರಬೇಕಾದ ದಿನಗಳೇ ಹೆಚ್ಚು. ಆ ನೂಕುನುಗ್ಗಲಿನಲ್ಲಿ ಪುಸ್ತಕವನ್ನು ಬಿಡಿಸುವಂತಿಲ್ಲ. ಆದುದರಿಂದ ಹಳೆಯ ಕಾಲದ ಸಾಹಸ ಕಥೆಗಳನ್ನೂ, ದೋಣಿ ನಡೆಸಿದವರು, ಬೆಟ್ಟ ಹತ್ತಿದವರು ಬರೆದಿಟ್ಟ ಅನುಭವಗಳನ್ನೂ ಮೊಬೈಲಿನಲ್ಲಿ ಕೇಳುವ ಅಭ್ಯಾಸ ಮಾಡಿಕೊಂಡೆನು. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬಲ್ಲಿ, ಹಕ್ಕಿನ ಅವಧಿ ಮುಗಿದ ಹಳೆಯ ಗ್ರಂಥಗಳನ್ನು ಸ್ವಯಂಸೇವಕರು ಗಟ್ಟಿಯಾಗಿ ಓದಿ, ಯಾರು ಬೇಕಾದರೂ ಹಣವಿಲ್ಲದೆ ಕೇಳುವಂತೆ ಇಟ್ಟಿದ್ದಾರೆ. ಅಲ್ಲಿ ನಾನು ಮೊದಲು ಕೇಳಿದ್ದು ಟ್ರೆಷರ್ ಐಲೆಂಡ್ ಎಂಬ ಕಾದಂಬರಿ. ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ನಿಘಂಟಿನೊಡನೆ ಹೋರಾಡಿ ಮೂರನೆಯ ಪುಟದಲ್ಲಿಯೇ ಸೋತಿದ್ದ ನಾನು, ಕೇಳುತ್ತ ಕೇಳುತ್ತ ಒಂದು ವಾರದೊಳಗೆ ಮುಗಿಸಿಬಿಟ್ಟೆನು.

ಇದು ಓದಲ್ಲ, ಓದಿನ ಕಳ್ಳದಾರಿ ಎಂದು ಮಿತ್ರರೊಬ್ಬರು ನಕ್ಕರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ಯಾರೂ ಇಲ್ಲ. ನನ್ನಿಂದಲೇ ಅದು ಮೊದಲು. ಅಂಥವರಿಗೆ ಇಂತಹ ಮಾತು ಬೇಗ ನಾಟುತ್ತದೆ. ಹಾಗಾದರೆ ಈ ಕಥೆಯನ್ನು ಬರೆದವನು ಯಾರು, ಅವನು ಹೇಗೆ ಓದು ಕಲಿತನು, ಹೇಗೆ ಬರೆದನು ಎಂಬ ಕುತೂಹಲ ಹುಟ್ಟಿತು. ಹುಡುಕಿದಾಗ ತಿಳಿದುಬಂದ ಚರಿತ್ರೆಯನ್ನು ವಾಚಕರ ಮುಂದಿಡುತ್ತೇನೆ.

ರಾಬರ್ಟ್ ಲೂಯಿ ಸ್ಟೀವನ್‌ಸನ್ನನು 1850ನೆಯ ಇಸವಿ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದನು. ಅವನದು ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನ. ತಾತನು, ಭರತ ಬಂದಾಗ ನೀರಿನಲ್ಲಿ ಮುಳುಗಿಹೋಗುವ ಬೆಲ್ ರಾಕ್ ಎಂಬ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿ ಹೆಸರಾದವನು. ತಂದೆ ಥಾಮಸನೂ ಇಬ್ಬರು ದೊಡ್ಡಪ್ಪಂದಿರೂ ಅದೇ ಉದ್ಯೋಗದವರು. ಲೂಯಿಯು ತಂದೆತಾಯಿಗಳಿಗೆ ಒಬ್ಬನೇ ಮಗ. ಅವನೂ ಕಡಲಿನ ಬಂಡೆಗಳ ಮೇಲೆ ದೀಪ ಹಚ್ಚುವನೆಂದು ಎಲ್ಲರೂ ನಂಬಿದ್ದರು.

ಆದರೆ ಮಗುವಿನ ಎದೆ ಬಲವಾಗಿರಲಿಲ್ಲ. ಎಡಿನ್‌ಬರೋದ ಚಳಿಗಾಳಿಗೆ ಕೆಮ್ಮು ಬಂದರೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಮಗುವಿಗೆ ಒಂದೂವರೆ ವರ್ಷವಾದಾಗ ಆಲಿಸನ್ ಕನಿಂಗ್‌ಹ್ಯಾಮ್ ಎಂಬಾಕೆ ದಾದಿಯಾಗಿ ಬಂದಳು. ಅವನು ಅವಳನ್ನು ಕಮ್ಮಿ ಎಂದು ಕರೆಯುತ್ತಿದ್ದನು. ನಿದ್ರೆ ಬಾರದ ದೀರ್ಘ ರಾತ್ರಿಗಳಲ್ಲಿ ಆಕೆ ಮಗ್ಗುಲಲ್ಲಿ ಕುಳಿತು ಬೈಬಲ್ಲನ್ನೂ, ಬನಿಯನ್ನನ ಯಾತ್ರಿಕನ ಕಥೆಯನ್ನೂ, ಧರ್ಮಕ್ಕಾಗಿ ಪ್ರಾಣತೆತ್ತ ಸ್ಕಾಟ್ಲೆಂಡಿನ ವೀರರ ವೃತ್ತಾಂತಗಳನ್ನೂ ಗಟ್ಟಿಯಾಗಿ ಓದುವಳು. ಮಗುವು ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಕೇಳುವನು. ಸಾಹಿತ್ಯವು ಅವನೊಳಕ್ಕೆ ಹೊಕ್ಕಿದ್ದು ಹೀಗೆ, ಕಿವಿಯ ಬಾಗಿಲಿನಿಂದ. ಆರು ವರ್ಷದವನಾಗಿದ್ದಾಗ ದೊಡ್ಡಪ್ಪನೊಬ್ಬನು ಮೋಸೆಸನ ಚರಿತ್ರೆಯನ್ನು ಬರೆಯುವ ಸ್ಪರ್ಧೆಯೊಂದನ್ನು ಮನೆಯ ಮಕ್ಕಳಿಗೆ ಇಟ್ಟನು. ಲೂಯಿಗೆ ಇನ್ನೂ ಬರೆಯುವ ಕೈ ಕೂಡಿರಲಿಲ್ಲ. ಅವನು ಹೇಳುತ್ತ ಹೋದನು, ತಾಯಿ ಬರೆದುಕೊಂಡಳು. ಈ ಮಹಾ ಲೇಖಕನ ಮೊದಲ ಕೃತಿಯು ಬಾಯಿಂದ ಬಂದುದೇ ಹೊರತು ಲೇಖನಿಯಿಂದಲ್ಲ. ಕಮ್ಮಿಯ ಉಪಕಾರವನ್ನು ಅವನು ಎಂದೂ ಮರೆಯಲಿಲ್ಲ. 1885ರಲ್ಲಿ ಪ್ರಕಟವಾದ ತನ್ನ ಮಕ್ಕಳ ಕವಿತೆಗಳ ಸಂಗ್ರಹವನ್ನು ಅವಳಿಗೇ ಅರ್ಪಿಸಿದನು.

ಹಾಗೆಂದು ಕೇಳಿದ ಮಾತ್ರಕ್ಕೆ ಅವನು ಲೇಖಕನಾದನೆಂದು ಭಾವಿಸಬಾರದು. ತರುಣನಾದ ಮೇಲೆ ಅವನ ಜೇಬಿನಲ್ಲಿ ಸದಾ ಎರಡು ಪುಸ್ತಕಗಳಿರುತ್ತಿದ್ದುವು: ಒಂದು ಓದಲು, ಒಂದು ಬರೆಯಲು. ಮೆಚ್ಚಿದ ಲೇಖಕನ ಪುಟವೊಂದನ್ನು ಓದಿ, ಅದೇ ರೀತಿಯಲ್ಲಿ ತಾನೂ ಬರೆದುನೋಡಿ, ಸೋತು, ಮತ್ತೆ ಬರೆಯುವನು. ಕಿವಿಯು ಆಸೆಯನ್ನು ಹುಟ್ಟಿಸಿತು. ಕೈಯು ವರ್ಷಗಟ್ಟಲೆ ದುಡಿದು ಆ ಆಸೆಯನ್ನು ಈಡೇರಿಸಿತು. ನಮ್ಮಂತಹ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕಾದ ಸಂಗತಿಯಿದು.

1867ರಲ್ಲಿ ಎಂಜಿನಿಯರಿಂಗ್ ಕಲಿಯಲೆಂದು ಅವನನ್ನು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದರು. ತರಗತಿಗಳಿಗೆ ಅವನು ಹೋದುದಕ್ಕಿಂತ ತಪ್ಪಿಸಿಕೊಂಡುದೇ ಹೆಚ್ಚು. ಬುದ್ಧಿಯಿರಲಿಲ್ಲವೆಂದಲ್ಲ, ದೀಪಸ್ತಂಭದ ಬೆಳಕನ್ನು ಬಿಟ್ಟು ಬಿಟ್ಟು ಮಿನುಗುವಂತೆ ಮಾಡುವ ಹೊಸ ವಿಧಾನವೊಂದನ್ನು ಕುರಿತು 1871ರಲ್ಲಿ ಅವನು ಮಂಡಿಸಿದ ಪ್ರಬಂಧಕ್ಕೆ ಬೆಳ್ಳಿಯ ಪದಕ ದೊರೆಯಿತು. ಆದರೆ ಅದೇ ವರ್ಷ, ತನಗೆ ಎಂಜಿನಿಯರಿಂಗ್ ಬೇಡ, ಬರವಣಿಗೆಯೇ ಬೇಕೆಂದು ತಂದೆಗೆ ತಿಳಿಸಿಬಿಟ್ಟನು. ತಂದೆಯ ಎದೆಗೆ ಎಂತಹ ಪೆಟ್ಟು ಬಿದ್ದಿರಬೇಕು! ಬರೆದು ಹೊಟ್ಟೆ ಹೊರೆಯುವುದುಂಟೆ? ಕೊನೆಗೆ ನ್ಯಾಯಶಾಸ್ತ್ರವನ್ನಾದರೂ ಓದಬೇಕೆಂದು ಒಪ್ಪಂದವಾಯಿತು. 1875ರಲ್ಲಿ ಅವನು ವಕೀಲನಾದನು. ಆದರೆ ವಕೀಲಿ ನಡೆಸಲಿಲ್ಲ. ಇದರ ನಡುವೆ 1873ರಲ್ಲಿ ತಂದೆಯ ಕಟ್ಟುನಿಟ್ಟಾದ ಧರ್ಮಶ್ರದ್ಧೆಯಲ್ಲಿ ತನಗೆ ನಂಬಿಕೆಯಿಲ್ಲವೆಂದು ಮಗನು ಒಪ್ಪಿಕೊಂಡಾಗ ಮನೆಯಲ್ಲಿ ಸೂತಕದ ಮೌನ ಕವಿಯಿತು. ತಂದೆಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿದರು, ಒಬ್ಬರನ್ನೊಬ್ಬರು ನೋಯಿಸಿದರು.

ರೋಗದ ದೇಹವನ್ನು ಹೊತ್ತು ಅವನು ಮನೆಯಲ್ಲಿ ಕುಳಿತವನಲ್ಲ. 1876ರಲ್ಲಿ ವಾಲ್ಟರ್ ಸಿಂಪ್ಸನ್ ಎಂಬ ಮಿತ್ರನೊಡನೆ ಎರಡು ಪುಟ್ಟ ದೋಣಿಗಳಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಕಾಲುವೆ, ನದಿಗಳ ಮೇಲೆ ಪ್ರಯಾಣ ಮಾಡಿದನು. ಮಳೆಯೋ ಮಳೆ. ವಾಜ್ ನದಿಯು ಉಕ್ಕಿ ಹರಿಯುತ್ತಿದ್ದಾಗ, ಅಡ್ಡಬಿದ್ದ ಮರವೊಂದಕ್ಕೆ ಸಿಕ್ಕಿಕೊಂಡು ಅವನು ದೋಣಿಯಿಂದ ಹೊರಬಿದ್ದನು. ದೋಣಿ ತೇಲಿಹೋಯಿತು, ಅವನು ಮಾತ್ರ ಮರವನ್ನು ತಬ್ಬಿಕೊಂಡು, ಹುಟ್ಟನ್ನು ಕೈಬಿಡದೆ ಉಳಿದನು. 1878ರಲ್ಲಿ ಬಂದ ಅವನ ಮೊದಲ ಪುಸ್ತಕವು ಈ ಪ್ರಯಾಣದ ಕಥನವೇ. ಅದೇ ವರ್ಷ ದಕ್ಷಿಣ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಮೊಡೆಸ್ಟೀನ್ ಎಂಬ ಹೆಣ್ಣು ಕತ್ತೆಯ ಮೇಲೆ ಗಂಟುಮೂಟೆ ಹೇರಿ ಹನ್ನೆರಡು ದಿನ ನಡೆದನು. ಅರವತ್ತೈದು ಫ್ರಾಂಕು ಮತ್ತು ಒಂದು ಲೋಟ ಬ್ರಾಂದಿ ಕೊಟ್ಟು ಕೊಂಡ ಆ ಕತ್ತೆಯು ಅವನನ್ನು ಹೆಜ್ಜೆಹೆಜ್ಜೆಗೂ ಗೋಳಾಡಿಸಿತು. ಆದರೂ ಕೊನೆಗೆ ಅದನ್ನು ಮಾರಿ ಹೊರಟಾಗ ಅವನು ಅತ್ತುಬಿಟ್ಟನು. ಆಟಗಾರರ, ಸಂಚಾರಿಗಳ ಅನುಭವ ಕಥನಗಳಲ್ಲಿ ಗೆಲವಿನ ಮಾತೇ ಹೆಚ್ಚಾಗಿರುವುದು ಸಹಜ. ಸ್ಟೀವನ್‌ಸನ್ನನು ತನ್ನ ಸೋಲುಗಳನ್ನೇ ನಗುತ್ತ ಹೇಳಿದನು.

ದೋಣಿಯ ಪ್ರಯಾಣ ಮುಗಿದ ಕಾಲದಲ್ಲಿಯೇ ಫ್ರಾನ್ಸಿನ ಗ್ರೆ ಎಂಬ ಹಳ್ಳಿಯಲ್ಲಿ ಫ್ಯಾನಿ ಆಸ್‌ಬರ್ನ್ ಎಂಬ ಅಮೆರಿಕದ ಹೆಂಗಸಿನ ಪರಿಚಯವಾಯಿತು. ಆಕೆ ಅವನಿಗಿಂತ ಹತ್ತು ವರ್ಷ ಹಿರಿಯಳು, ಮದುವೆಯಾಗಿ ಗಂಡನಿಂದ ದೂರವಿದ್ದವಳು, ಮಕ್ಕಳ ತಾಯಿ. 1879ರಲ್ಲಿ ಆಕೆ ಕ್ಯಾಲಿಫೋರ್ನಿಯಾದಲ್ಲಿ ಕಾಯಿಲೆಯಾಗಿರುವಳೆಂದು ತಿಳಿದಾಗ, ತಂದೆತಾಯಿಗಳಿಗೂ ಹೇಳದೆ ಹಡಗು ಹತ್ತಿದನು. ಬಡ ವಲಸೆಗಾರರೊಡನೆ ಕಡಲನ್ನೂ, ರೈಲಿನಲ್ಲಿ ಇಡೀ ಅಮೆರಿಕವನ್ನೂ ದಾಟುವಷ್ಟರಲ್ಲಿ ಸಾವಿನ ಬಾಗಿಲಿಗೆ ಹೋಗಿಬಂದನು. 1880ರ ಮೇ 19ರಂದು ಅವರ ವಿವಾಹವಾಯಿತು. ಮಗನ ದುಃಸ್ಥಿತಿಯನ್ನು ಕೇಳಿದ ತಂದೆ, ಕೋಪವನ್ನು ನುಂಗಿ, ವರ್ಷಕ್ಕೆ 250 ಪೌಂಡು ಕೊಡುವುದಾಗಿ ತಂತಿ ಕಳುಹಿಸಿದನು.

ಮರುವರ್ಷ, 1881ರ ಬೇಸಿಗೆಯ ಕೊನೆಯಲ್ಲಿ, ಸಂಸಾರವೆಲ್ಲ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ ಸೇರಿತ್ತು. ಹೊರಗೆ ಬಿಡದ ಮಳೆ. ಫ್ಯಾನಿಯ ಮಗ, ಹದಿಮೂರು ವರ್ಷದ ಲಾಯ್ಡ್, ಹೊತ್ತು ಹೋಗದೆ ಬಣ್ಣದ ಚಿತ್ರಗಳನ್ನು ಬಿಡಿಸುತ್ತಿದ್ದನು. ಅವನೊಡನೆ ಕುಳಿತು ಸ್ಟೀವನ್‌ಸನ್ನನು ಒಂದು ದ್ವೀಪದ ನಕ್ಷೆಯನ್ನು ಬರೆದನು. ನಕ್ಷೆಯನ್ನು ನೋಡುತ್ತಿದ್ದಂತೆ ಕಡಲುಗಳ್ಳರೂ ಹೂತಿಟ್ಟ ನಿಧಿಯೂ ಕಣ್ಣಿಗೆ ಕಟ್ಟಿದುವು. ದಿನಕ್ಕೊಂದು ಅಧ್ಯಾಯದಂತೆ ಹದಿನೈದು ದಿನಗಳಲ್ಲಿ ಹದಿನೈದು ಅಧ್ಯಾಯಗಳನ್ನು ಬರೆದನು. ಬರೆದುದನ್ನು ಅಂದಂದೇ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದನು. ನಾನು ಬಸ್ಸಿನಲ್ಲಿ ಕೇಳಿದ ಟ್ರೆಷರ್ ಐಲೆಂಡ್, ಎಂದರೆ ನಿಧಿಯ ದ್ವೀಪವು, ಹುಟ್ಟಿದ್ದು ಹೀಗೆ. ಅಚ್ಚಾಗುವ ಮೊದಲೇ ಅದನ್ನು ಕಿವಿಗಳು ಕೇಳಿದ್ದುವು.

ಆ ಕಿವಿಗಳಲ್ಲಿ ಮುದುಕನಾದ ಥಾಮಸನದೂ ಒಂದು ಜೊತೆ! ಮಗನು ಕೆಟ್ಟನೆಂದು ಕೊರಗಿದ್ದ ತಂದೆಯು ಈಗ ಬಾಲಕನಂತೆ ಮುಂದೇನಾಯಿತೆಂದು ಕಾಯತೊಡಗಿದನು. ಸತ್ತ ನಾವಿಕ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ತಾನೇ ಕುಳಿತು ಪಟ್ಟಿ ಮಾಡಿಕೊಟ್ಟನು. ಕಳ್ಳರ ಹಡಗಿಗೆ ವಾಲ್ರಸ್ ಎಂದು ಹೆಸರಿಟ್ಟನು. ಒಂಟಿಕಾಲಿನ ಸಿಲ್ವರನ ಪಾತ್ರಕ್ಕೆ, ಒಂದು ಕಾಲನ್ನು ಕಳೆದುಕೊಂಡಿದ್ದ ಕವಿಮಿತ್ರ ಹೆನ್ಲಿಯು ಮಾದರಿಯಾದನು. ಹದಿನಾರನೆಯ ಅಧ್ಯಾಯದಲ್ಲಿ ಲೇಖನಿ ನಿಂತಿತು. ಮುಂದೆ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಕಥೆ ಮುಗಿಯಿತು. ಮೊದಲು ಮಕ್ಕಳ ವಾರಪತ್ರಿಕೆಯೊಂದರಲ್ಲಿ ಬಂದು, 1883ರಲ್ಲಿ ಪುಸ್ತಕವಾಯಿತು. ಅದಕ್ಕೆ ದೊರೆತ ಹಣ ನೂರು ಪೌಂಡು. ಪ್ರಕಾಶಕರಿಗೆ ಕಳುಹಿಸಿದ ಮೂಲ ನಕ್ಷೆ ಕಳೆದುಹೋದುದರಿಂದ ಹೊಸದನ್ನು ಬರೆಯಬೇಕಾಯಿತು. ಅದನ್ನು ಬರೆದುದೆಲ್ಲಿ? ದೀಪಸ್ತಂಭಗಳ ನಕ್ಷೆ ತಯಾರಾಗುತ್ತಿದ್ದ ತಂದೆಯ ಕಚೇರಿಯಲ್ಲಿ! ಅದರ ಮೇಲೆ ಕಡಲುಗಳ್ಳನ ಕಳ್ಳ ರುಜುವನ್ನು ಹಾಕಿದವನು ಸ್ವತಃ ಥಾಮಸನೇ. ಹತ್ತು ವರ್ಷದ ವಾದವಿವಾದಗಳಿಂದ ಆಗದ ರಾಜಿಯು ಒಂದು ಕಥೆಯನ್ನು ಕೂಡಿ ಕೇಳಿದುದರಿಂದ ಆಯಿತು.

1886ರಲ್ಲಿ ಬಂದ ಡಾಕ್ಟರ್ ಜೆಕಿಲ್ ಮತ್ತು ಹೈಡ್ ಹಾಗೂ ಕಿಡ್ನ್ಯಾಪ್ಡ್ ಎಂಬ ಕೃತಿಗಳಿಂದ ಅವನ ಕೀರ್ತಿ ಎಲ್ಲೆಡೆ ಹರಡಿತು. 1887ರಲ್ಲಿ ತಂದೆ ತೀರಿಕೊಂಡನು. ಆರೋಗ್ಯವನ್ನು ಅರಸಿ ಮಗನು ಸ್ವದೇಶವನ್ನು ಬಿಟ್ಟನು; ಮತ್ತೆ ಅದನ್ನು ನೋಡಲಿಲ್ಲ. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಶಾಂತಸಾಗರದ ದ್ವೀಪಗಳಿಗೆ ಹಡಗಿನಲ್ಲಿ ಹೊರಟು, ಕೊನೆಗೆ ಸಮೋವಾದಲ್ಲಿ ಭೂಮಿಯನ್ನು ಕೊಂಡು ನೆಲೆಸಿದನು. ಅಲ್ಲಿನ ಜನರು ಅವನನ್ನು ಟುಸಿಟಾಲ ಎಂದು ಕರೆದರು. ಕಥೆ ಬರೆಯುವವನು ಎಂದು ಅದರ ಅರ್ಥ. ಸೀಸೆಯೊಳಗಿನ ಭೂತದ ಅವನ ಕಥೆಯೊಂದು 1891ರಲ್ಲಿ ಸಮೋವಾ ಭಾಷೆಯಲ್ಲಿ ಪ್ರಕಟವಾದಾಗ, ಅವನ ಸಂಪತ್ತಿಗೆ ಆ ಸೀಸೆಯೇ ಕಾರಣವೆಂದು ಕೆಲವರು ನಂಬಿದರಂತೆ. ಪರದೇಶದ ಅಧಿಕಾರಿಗಳ ಅನ್ಯಾಯವನ್ನು ಅವನು ಬಹಿರಂಗವಾಗಿ ಖಂಡಿಸಿದನು. ಸೆರೆಯಲ್ಲಿದ್ದ ನಾಯಕರಿಗೆ ನೆರವಾದನು. ಬಿಡುಗಡೆಯಾದ ಆ ನಾಯಕರು 1894ರಲ್ಲಿ ತಾವೇ ದುಡಿದು ಅವನ ಮನೆಗೆ ರಸ್ತೆ ಮಾಡಿಕೊಟ್ಟರು.

ಕೊನೆಯ ವರ್ಷಗಳಲ್ಲಿ ಕೈ ನೋವಿನಿಂದ ಬರೆಯಲಾಗದೆ, ಫ್ಯಾನಿಯ ಮಗಳು ಇಸೊಬೆಲಳಿಗೆ ಹೇಳಿ ಬರೆಸುತ್ತಿದ್ದನು. ರಕ್ತಸ್ರಾವವಾಗಿ ಮಾತೂ ನಿಂತಾಗ, ಮೂಗರ ಬೆರಳು ಸನ್ನೆಯ ಅಕ್ಷರಗಳಿಂದ ಕಥೆ ಹೇಳಿದನು! ಬಾಯಿಂದ ಆರಂಭವಾದ ಕಸಬು ಬಾಯಿ ಕಟ್ಟಿದಾಗಲೂ ನಿಲ್ಲಲಿಲ್ಲ. 1894ರ ಡಿಸೆಂಬರ್ 3ರಂದು ಬೆಳಿಗ್ಗೆ ಕಾದಂಬರಿಯನ್ನು ಬರೆಸಿದನು. ಸಂಜೆ ಹೆಂಡತಿಯೊಡನೆ ಊಟದ ಸಿದ್ಧತೆಯಲ್ಲಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದನು. ಆಗ ಅವನಿಗೆ ನಾಲ್ವತ್ತನಾಲ್ಕು ವರ್ಷ. ಸಮೋವಾದ ಜನರು ಕಾಡನ್ನು ಕಡಿದು ವಾಯಿಯಾ ಬೆಟ್ಟದ ತುದಿಗೆ ದಾರಿ ಮಾಡಿ, ತಮ್ಮ ಕಥೆಗಾರನನ್ನು ಹೆಗಲ ಮೇಲೆ ಹೊತ್ತು ಅಲ್ಲಿ ಮಣ್ಣು ಮಾಡಿದರು.

ಈ ಚರಿತ್ರೆಯನ್ನು ತಿಳಿದ ಮೇಲೆ ಕಳ್ಳದಾರಿಯೆಂಬ ಮಾತು ನನ್ನನ್ನು ಚುಚ್ಚುವುದಿಲ್ಲ. ಕೇಳಿದ ಕಥೆಯನ್ನು ಅನಂತರ ನಮ್ಮ ಗ್ರಂಥಾಲಯದ ಪ್ರತಿಯಲ್ಲಿ ನಿಘಂಟಿನೊಡನೆ ಓದಿದೆನು. ಈ ಸಲ ಮೂರನೆಯ ಪುಟದಲ್ಲಿ ನಿಲ್ಲಲಿಲ್ಲ. ಕಾಗುಣಿತವನ್ನೂ ವಾಕ್ಯದ ಕಟ್ಟನ್ನೂ ಕಿವಿ ಕಲಿಸಲಾರದು, ಅದಕ್ಕೆ ಕಣ್ಣೂ ಕೈಯೂ ದುಡಿಯಲೇಬೇಕು. ಆದರೆ ಬಾಗಿಲು ತೆರೆದುದು ಕಿವಿಯೇ.

ರಾತ್ರಿ ಅವ್ವ ಅವರೆಕಾಯಿ ಸುಲಿಯುತ್ತ ಕುಳಿತಾಗ, ಅಂದು ಬಸ್ಸಿನಲ್ಲಿ ಕೇಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದೆನು. ಅಕ್ಷರ ಬಾರದ ಅವ್ವ ಪ್ರತಿದಿನವೂ ಆ ಕುಂಟನು ಏನಾದನೆಂದು ಕೇಳುವಳು. ಕೊನೆಗೆ ಸಿಲ್ವರನು ಒಂದು ಚೀಲ ನಾಣ್ಯಗಳೊಡನೆ ತಪ್ಪಿಸಿಕೊಂಡು ಹೋದನೆಂದು ಹೇಳಿದಾಗ, ಹಾಳಾದವನೆಂದು ಬೈಯುತ್ತಲೇ ಆಕೆ ಸಮಾಧಾನದ ಉಸಿರು ಬಿಟ್ಟಳು. ಈಗ ಮುಂದಿನ ಕಥೆ ಯಾವಾಗ ಎಂದು ಕೇಳುತ್ತಿದ್ದಾಳೆ.